ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ, ಎಲ್ಲಿಗೆ ಹೋಗಲ್ಲ ಅಂತ ಗೊತ್ತು

2025ರ ನವೆಂಬರ್‌ನಲ್ಲಿ ಚಂದ್ರಯಾನ-3 ಮತ್ತೆ ಸುದ್ದಿಯಾಯಿತು. 2023ರಲ್ಲಿ ವಿಕ್ರಮ್ ಲ್ಯಾಂಡರನ್ನು ಚಂದ್ರನ ತನಕ ಹೊತ್ತೊಯ್ದ ಪ್ರೊಪಲ್ಷನ್ ಮಾಡ್ಯೂಲ್ ನೆನಪಿದೆಯಾ? ಅದರಲ್ಲಿ ಇಂಧನ ಉಳಿದಿತ್ತು. ಹಾಗಾಗಿ ಇಸ್ರೋ ಅದನ್ನು ಚಂದ್ರನ ಕಕ್ಷೆಯಿಂದ ಬಿಡಿಸಿ ಭೂಮಿಯ ಸುತ್ತ ತಂದುಬಿಟ್ಟಿತ್ತು. ಎರಡು ವರ್ಷ ಸುಮ್ನೆ ಸುತ್ತುತ್ತಿದ್ದ ಆ ನೌಕೆ, ಭೂಮಿ ಮತ್ತು ಚಂದ್ರರ ಸೆಳೆತಕ್ಕೆ ಸಿಕ್ಕಿ ನವೆಂಬರ್ 4ರಂದು ಮತ್ತೆ ಚಂದ್ರನ ವಲಯದೊಳಗೆ ಹೋಯಿತು. 6ರಂದು ಚಂದ್ರನ ನೆಲದಿಂದ 3,740 ಕಿ.ಮೀ. ದೂರದಲ್ಲಿ ಹಾದುಹೋಯಿತು. 11ರಂದು ಇನ್ನೊಮ್ಮೆ, 4,537 ಕಿ.ಮೀ. ದೂರದಲ್ಲಿ. 14ರಂದು ಹೊರಗೆ ಬಂತು.

ಹೊರಗೆ ಬಂದಾಗ ಅದರ ದಾರಿಯೇ ಬೇರೆಯಾಗಿತ್ತು. ಮೊದಲು ಭೂಮಿಯಿಂದ 1 ಲಕ್ಷ ಮತ್ತು 3 ಲಕ್ಷ ಕಿ.ಮೀ. ನಡುವೆ ಓಡಾಡುತ್ತಿದ್ದದ್ದು ಈಗ 4.09 ಲಕ್ಷ ಮತ್ತು 7.27 ಲಕ್ಷ ಕಿ.ಮೀ. ನಡುವೆ ಓಡಾಡತೊಡಗಿತು. ಅಂದರೆ ಚಂದ್ರನ ದಾರಿಯ ಒಳಗಿದ್ದದ್ದು ಹೊರಗೆ ಹೋಯಿತು.

ಇದನ್ನು ಓದಿದವರಿಗೆ ಸಹಜವಾಗಿ ಒಂದು ಪ್ರಶ್ನೆ ಬರುತ್ತದೆ. ಹೀಗೆ ತಾನಾಗಿ ಅಲೆಯುವ ವಸ್ತು ಎಲ್ಲಿಯ ತನಕ ಹೋಗಬಹುದು? ಭೂಮಿಯನ್ನೇ ಬಿಟ್ಟು ಸೂರ್ಯನ ಸುತ್ತ ಹೊರಟುಬಿಡಬಹುದಾ? ಅದಿರಲಿ, ನಮ್ಮ ಚಂದ್ರನೇ ಒಂದು ದಿನ ಹಾಗೆ ಹೊರಟರೆ?

ಇದಕ್ಕೆ ಉತ್ತರ ಇದೆ. ಆದರೆ ಉತ್ತರದ ರೀತಿ ಸ್ವಲ್ಪ ವಿಚಿತ್ರ. ಅದು ಎಲ್ಲಿಗೆ ಹೋಗುತ್ತದೆ ಎಂದು ಹೇಳುವುದಿಲ್ಲ. ಎಲ್ಲಿಗೆ ಹೋಗಲಾರದು ಎಂದು ಮಾತ್ರ ಹೇಳುತ್ತದೆ.

## ಎರಡಿದ್ದರೆ ಸಲೀಸು, ಮೂರಾದರೆ ತಲೆನೋವು

ಆಕಾಶದಲ್ಲಿ ಎರಡೇ ಕಾಯಗಳಿದ್ದರೆ ಲೆಕ್ಕ ಸುಲಭ. ಒಂದು ಇನ್ನೊಂದರ ಸುತ್ತ ಮೊಟ್ಟೆಯಾಕಾರದ ದಾರಿಯಲ್ಲಿ ಸುತ್ತುತ್ತದೆ. ಸಾವಿರ ವರ್ಷದ ನಂತರ ಎಲ್ಲಿರುತ್ತದೆ ಎಂದು ಕಾಗದದ ಮೇಲೆ ಬರೆದು ಹೇಳಬಹುದು. ಇದನ್ನು ನ್ಯೂಟನ್ 1687ರಲ್ಲೇ ಮಾಡಿ ತೋರಿಸಿದ.

ಮೂರನೆಯದು ಬಂದರೆ ಕಥೆ ಕೆಡುತ್ತದೆ. ಮೊದಲನೆಯದು ಎರಡನೆಯದನ್ನು ಎಳೆಯುತ್ತದೆ, ಎರಡನೆಯದು ಮೂರನೆಯದನ್ನು, ಮೂರನೆಯದು ಮತ್ತೆ ಮೊದಲನೆಯದನ್ನು. ಒಂದು ಸ್ವಲ್ಪ ಸರಿದರೂ ಉಳಿದೆರಡರ ಮೇಲಿನ ಎಳೆತ ಬದಲಾಗುತ್ತದೆ. ಹಗ್ಗಜಗ್ಗಾಟದಲ್ಲಿ ಎರಡು ತಂಡ ಇದ್ದಾಗ ಯಾರು ಯಾವ ಕಡೆ ಹೋಗುತ್ತಾರೆ ಎಂದು ಗೊತ್ತಾಗುತ್ತದೆ. ಮೂರು ಹಗ್ಗ ಒಂದೇ ಗಂಟಿಗೆ ಕಟ್ಟಿ, ಮೂರು ತಂಡದವರೂ ಓಡುತ್ತಾ ಎಳೆದರೆ?

19ನೇ ಶತಮಾನದ ಕೊನೆಯಲ್ಲಿ ಸ್ವೀಡನ್ನಿನ ರಾಜ ಎರಡನೇ ಆಸ್ಕರ್‌ನ 60ನೇ ಹುಟ್ಟುಹಬ್ಬದ ನೆಪದಲ್ಲಿ ಇಂಥ ಸಮಸ್ಯೆಗೆ ಬಹುಮಾನ ಇಟ್ಟರು. ಫ್ರಾನ್ಸಿನ ಗಣಿತಜ್ಞ ಪೊಯಾಂಕಾರೆ ಗೆದ್ದ. ಅಚ್ಚಾದ ಮೇಲೆ ನೋಡಿದರೆ ಅವನ ಪ್ರಬಂಧದಲ್ಲಿ ಒಂದು ದೊಡ್ಡ ತಪ್ಪಿತ್ತು! ತಿದ್ದಿ ಮತ್ತೆ ಅಚ್ಚು ಹಾಕಿಸುವ ಖರ್ಚು 3,585 ಕ್ರೋನರ್. ಬಹುಮಾನದ ಹಣ 2,500 ಕ್ರೋನರ್. ಉಳಿದದ್ದು ಅವನ ಜೇಬಿನಿಂದ ಹೋಯಿತು. ಆದರೆ ಆ ತಪ್ಪನ್ನು ತಿದ್ದುವಾಗಲೇ ಅವನಿಗೆ ನಿಜವಾದ ಸಂಗತಿ ಹೊಳೆದದ್ದು. ಮೂರು ಕಾಯಗಳ ಚಲನೆಯಲ್ಲಿ ಶುರುವಿನ ಕೂದಲೆಳೆಯಷ್ಟು ವ್ಯತ್ಯಾಸವೂ ಮುಂದೆ ಬೆಳೆದು ಬೆಟ್ಟವಾಗುತ್ತದೆ. ಎಲ್ಲ ಕಾಲಕ್ಕೂ ಆಗುವಂಥ ಒಂದು ಸೂತ್ರ ಬರೆದು ಮುಗಿಸುವ ಮಾತೇ ಇಲ್ಲ.

## ಎರಡು ಆನೆ, ಒಂದು ಸೊಳ್ಳೆ

ಪೂರ್ತಿ ಸಮಸ್ಯೆ ಕೈಗೆ ಸಿಗದಿದ್ದರೆ ಸ್ವಲ್ಪ ಸರಳ ಮಾಡಿಕೊಳ್ಳಬಹುದು. ಮೂರರಲ್ಲಿ ಒಂದು ತೀರಾ ಚಿಕ್ಕದು ಎಂದುಕೊಳ್ಳಿ. ಎರಡು ಆನೆಗಳ ನಡುವೆ ಹಾರುವ ಸೊಳ್ಳೆಯ ಹಾಗೆ. ಆನೆ ಬೀಸುವ ಗಾಳಿಗೆ ಸೊಳ್ಳೆ ತೂರಾಡುತ್ತದೆ. ಸೊಳ್ಳೆಯ ರೆಕ್ಕೆಗಾಳಿಗೆ ಆನೆ ಅಲುಗುವುದಿಲ್ಲ. ಭೂಮಿ, ಚಂದ್ರ ಮತ್ತು ಒಂದು ನೌಕೆ ಎಂದರೆ ಇದೇ ಲೆಕ್ಕ. ಸೂರ್ಯ, ಗುರುಗ್ರಹ ಮತ್ತು ಒಂದು ಧೂಮಕೇತು ಎಂದರೂ ಅಷ್ಟೇ.

ಇನ್ನೊಂದು ರಿಯಾಯಿತಿ ಬೇಕು. ಎರಡು ಆನೆಗಳೂ ಒಂದೇ ಸಮನೆ, ಸರಿಯಾದ ವೃತ್ತದಲ್ಲಿ ಸುತ್ತುತ್ತಿವೆ ಎಂದು ಒಪ್ಪಿಕೊಳ್ಳಬೇಕು. ಈ ಎರಡು ಷರತ್ತು ಹಾಕಿದ ಸಮಸ್ಯೆಗೆ ‘ನಿರ್ಬಂಧಿತ ಮೂರು ಕಾಯಗಳ ಸಮಸ್ಯೆ’ ಎಂದು ಹೆಸರು. ನಿರ್ಬಂಧ ಎಂದರೆ ಇಲ್ಲಿ ಷರತ್ತು, ಅಷ್ಟೇ.

ಇಷ್ಟು ರಿಯಾಯಿತಿ ಕೊಟ್ಟರೂ ಸೊಳ್ಳೆಯ ದಾರಿಯನ್ನು ಒಂದು ಸೂತ್ರದಲ್ಲಿ ಬರೆಯಲಾಗುವುದಿಲ್ಲ. ಆದರೆ ಸೊಳ್ಳೆಗೆ ಒಂದು ಬೇಲಿ ಹಾಕಬಹುದು.

## ಮೂಗಿನ ಮುಂದಿನ ಜೋಕಾಲಿ

ಬೇಲಿ ಎಲ್ಲಿಂದ ಬಂತು ಎಂದು ತಿಳಿಯಲು ಒಂದು ಜೋಕಾಲಿ ಸಾಕು. ಜೋಕಾಲಿಯ ಮಣೆಯನ್ನು ನಿಮ್ಮ ಮೂಗಿನ ತನಕ ಎಳೆದು ತನ್ನಿ. ತಳ್ಳಬೇಡಿ, ಸುಮ್ನೆ ಬಿಟ್ಟುಬಿಡಿ. ನಿಂತಲ್ಲೇ ನಿಲ್ಲಿ. ಮಣೆ ಅತ್ತ ಹೋಗಿ ರಭಸದಿಂದ ವಾಪಸ್ ಬರುತ್ತದೆ. ಎದೆ ಝಲ್ ಅನ್ನುತ್ತದೆ. ಆದರೂ ಮೂಗಿಗೆ ತಾಗುವುದಿಲ್ಲ.

ಯಾಕೆ? ಬಿಟ್ಟಾಗ ಅದಕ್ಕಿದ್ದ ಬಂಡವಾಳ ಎತ್ತರ ಮಾತ್ರ. ಕೆಳಗೆ ಬರುವಾಗ ಎತ್ತರ ಖರ್ಚಾಗಿ ವೇಗವಾಗುತ್ತದೆ. ಮೇಲೆ ಏರುವಾಗ ವೇಗ ಖರ್ಚಾಗಿ ಎತ್ತರವಾಗುತ್ತದೆ. ಎರಡೂ ಕೂಡಿದರೆ ಮೊತ್ತ ಅಷ್ಟೇ. ಮೊದಲಿದ್ದ ಎತ್ತರಕ್ಕೆ ಬರುವಷ್ಟರಲ್ಲಿ ವೇಗ ಸೊನ್ನೆಯಾಗಿರುತ್ತದೆ. ಅದಕ್ಕಿಂತ ಒಂದು ಇಂಚು ಮೇಲೆ ಹೋಗಲು ಕೈಯಲ್ಲಿ ಕಾಸಿಲ್ಲ.

ಮಣೆ ಯಾವ ಕ್ಷಣದಲ್ಲಿ ಎಲ್ಲಿತ್ತು, ಗಾಳಿಗೆ ಓರೆಯಾಯಿತಾ, ತಿರುಚಿಕೊಂಡಿತಾ ಎಂಬ ಯಾವ ವಿವರವೂ ನಮಗೆ ಬೇಕಾಗಲಿಲ್ಲ. ದಾರಿ ಗೊತ್ತಿಲ್ಲದೆಯೇ ಗಡಿ ಗೊತ್ತಾಯಿತು. ಇನ್ನು ಮುಂದೆ ಹೇಳುವುದೆಲ್ಲ ಈ ಜೋಕಾಲಿಯ ವಿಸ್ತರಣೆ.

## ತಿರುಗುವ ನೆಲದ ಮೇಲೆ ನಿಂತು ನೋಡಿದರೆ

ಭೂಮಿ-ಚಂದ್ರರ ನಡುವೆ ಇದೇ ಉಪಾಯ ಬಳಸೋಣ ಎಂದರೆ ಒಂದು ತೊಡಕು. ಜೋಕಾಲಿಯ ಕಂಬ ಅಲುಗುವುದಿಲ್ಲ. ಇಲ್ಲಿ ಚಂದ್ರ ಓಡುತ್ತಲೇ ಇದ್ದಾನೆ. ಅವನು ನೌಕೆಯನ್ನು ಎಳೆದು ವೇಗ ಕೊಡಬಲ್ಲ, ಕಿತ್ತುಕೊಳ್ಳಲೂ ಬಲ್ಲ. ಹಾಗಾಗಿ ನೌಕೆಯ ಮಾಮೂಲಿ ಶಕ್ತಿಯ ಮೊತ್ತ ಒಂದೇ ಸಮ ಇರುವುದಿಲ್ಲ.

ಇದಕ್ಕೆ ಪರಿಹಾರ, ನಾವೂ ಚಂದ್ರನ ಜೊತೆ ತಿರುಗುವುದು. ಜಾತ್ರೆಯಲ್ಲಿ ಗುಂಡಗೆ ತಿರುಗುವ ಕುದುರೆಗಳ ಮೇಲೆ ಕೂತ ಮಗುವಿಗೆ ಪಕ್ಕದ ಕುದುರೆ ಅಲುಗದೆ ನಿಂತ ಹಾಗೆ ಕಾಣುತ್ತದೆ, ಅಲ್ವಾ? ಹಾಗೆಯೇ ಚಂದ್ರನ ವೇಗದಲ್ಲೇ ತಿರುಗುವ ಒಂದು ದೊಡ್ಡ ತಟ್ಟೆಯ ಮೇಲೆ ನಿಂತು ನೋಡಿದರೆ ಭೂಮಿಯೂ ನಿಂತಿದೆ, ಚಂದ್ರನೂ ನಿಂತಿದ್ದಾನೆ. ನೌಕೆ ಮಾತ್ರ ಓಡಾಡುತ್ತದೆ.

ತಿರುಗುವ ತಟ್ಟೆಗೆ ಒಂದು ಬೆಲೆ ತೆರಬೇಕು. ತಿರುವಿನಲ್ಲಿ ಬಸ್ಸು ಹೋಗುವಾಗ ನಮ್ಮನ್ನು ಯಾರೋ ಹೊರಕ್ಕೆ ದೂಡಿದ ಹಾಗೆ ಆಗುತ್ತದಲ್ಲ, ಆ ದೂಡುವಿಕೆಯನ್ನೂ ಲೆಕ್ಕಕ್ಕೆ ಸೇರಿಸಬೇಕು. ನಡುವಿನಿಂದ ದೂರ ಹೋದಷ್ಟೂ ಅದು ಜಾಸ್ತಿ. (ಓಡುವ ವಸ್ತುವನ್ನು ಪಕ್ಕಕ್ಕೆ ತಿರುಗಿಸುವ ಇನ್ನೊಂದು ಬಲವೂ ಇದೆ. ಅದು ದಿಕ್ಕು ಬದಲಿಸುತ್ತದೆ, ವೇಗ ಹೆಚ್ಚಿಸುವುದಿಲ್ಲ. ಅದರ ಸುದ್ದಿ ಆಮೇಲೆ.)

ಇಷ್ಟು ಮಾಡಿದರೆ ಜೋಕಾಲಿಯ ಲೆಕ್ಕ ವಾಪಸ್ ಸಿಗುತ್ತದೆ. ತಟ್ಟೆಯ ಮೇಲಿನ ‘ಎತ್ತರ’ ಮತ್ತು ತಟ್ಟೆಯ ಮೇಲಿಂದ ಕಂಡ ‘ವೇಗ’, ಎರಡೂ ಸೇರಿದ ಒಂದು ಸಂಖ್ಯೆ ಬದಲಾಗುವುದೇ ಇಲ್ಲ. 1836ರಲ್ಲಿ ಜರ್ಮನಿಯ ಗಣಿತಜ್ಞ ಯಾಕೋಬಿ ಇದನ್ನು ಕಂಡುಹಿಡಿದ. ಹಾಗಾಗಿ ಅದು ಯಾಕೋಬಿ ಸ್ಥಿರಾಂಕ. ನೌಕೆ ಎಷ್ಟೇ ಅಂಕುಡೊಂಕಾಗಿ ಓಡಾಡಲಿ, ಎಂಜಿನ್ ಉರಿಸದ ತನಕ ಈ ಸಂಖ್ಯೆ ಅದರ ಹಣೆಬರಹ.

## ಗುಡ್ಡಸಾಲು ಮತ್ತು ಘಾಟಿ

ಈಗ ಆ ತಟ್ಟೆಯನ್ನು ಒಂದು ನೆಲ ಎಂದು ಕಲ್ಪಿಸಿಕೊಳ್ಳಿ. ಭೂಮಿ ಇರುವಲ್ಲಿ ದೊಡ್ಡ ಹಳ್ಳ. ಚಂದ್ರ ಇರುವಲ್ಲಿ ಚಿಕ್ಕ ಹಳ್ಳ. ತೀರಾ ಹೊರಗೆ ಹೋದರೆ ಹೊರದೂಡುವಿಕೆಯಿಂದಾಗಿ ನೆಲ ಮತ್ತೆ ಇಳಿಜಾರು. ಒಳಗೂ ಇಳಿಜಾರು, ಹೊರಗೂ ಇಳಿಜಾರು ಎಂದರೆ ನಡುವೆ ಒಂದು ಏರು ಇರಲೇಬೇಕು. ಹೆಚ್ಚುಕಡಿಮೆ ಚಂದ್ರನ ದಾರಿಯ ಗುಂಟ, ಬಳೆಯ ಹಾಗೆ, ಒಂದು ಗುಡ್ಡಸಾಲು ಹಬ್ಬಿದೆ.

ಕರಾವಳಿಯಿಂದ ಘಟ್ಟದ ಮೇಲೆ ಹೋಗುವವರು ಕುದುರೆಮುಖದ ತುದಿ ಹತ್ತಿ ಇಳಿಯುವುದಿಲ್ಲ. ಸಾಲಿನಲ್ಲಿ ತಗ್ಗು ಎಲ್ಲಿದೆಯೋ ಅಲ್ಲಿ ದಾಟುತ್ತಾರೆ. ಶಿರಾಡಿ, ಚಾರ್ಮಾಡಿ, ಆಗುಂಬೆ. ಆಕಾಶದ ಈ ಗುಡ್ಡಸಾಲಿನಲ್ಲೂ ಅಂಥ ಮೂರು ಘಾಟಿಗಳಿವೆ.

ಎಲ್ಲಕ್ಕಿಂತ ತಗ್ಗಿನ ಘಾಟಿ ಭೂಮಿ ಮತ್ತು ಚಂದ್ರರ ನಡುವೆ, ಚಂದ್ರನಿಂದ ಸುಮಾರು 58,000 ಕಿ.ಮೀ. ಈಚೆ ಇದೆ. ಇದು ಎಲ್1. ಅದಕ್ಕಿಂತ ಸ್ವಲ್ಪ ಎತ್ತರದ್ದು ಚಂದ್ರನ ಬೆನ್ನ ಹಿಂದೆ, ಸುಮಾರು 64,500 ಕಿ.ಮೀ. ಆಚೆ. ಇದು ಎಲ್2. ಮೂರನೆಯದು ಎಲ್3, ಇನ್ನೂ ಎತ್ತರದ್ದು. ಭೂಮಿಯ ಇನ್ನೊಂದು ಬದಿಯಲ್ಲಿ, ಚಂದ್ರನಿಗೆ ನೇರ ಎದುರಿಗೆ ಇದೆ. ಗುಡ್ಡಸಾಲಿನ ತುತ್ತತುದಿಗಳು ಎರಡು, ಎಲ್4 ಮತ್ತು ಎಲ್5. ಚಂದ್ರನ ದಾರಿಯಲ್ಲಿ ಅವನಿಗಿಂತ 60 ಡಿಗ್ರಿ ಮುಂದೆ ಒಂದು, 60 ಡಿಗ್ರಿ ಹಿಂದೆ ಇನ್ನೊಂದು. ಮೂರು ಘಾಟಿಗಳನ್ನು ಆಯ್ಲರ್, ಉಳಿದೆರಡು ತುದಿಗಳನ್ನು ಲಗ್ರಾಂಜ್ 18ನೇ ಶತಮಾನದಲ್ಲೇ ಗುರುತಿಸಿದ್ದರು. ಹೆಸರು ಮಾತ್ರ ಐದಕ್ಕೂ ಲಗ್ರಾಂಜ್‌ನದೇ ಉಳಿಯಿತು.

ಈ ನೆಲದ ಮೇಲೆ ಒಂದು ಗೋಲಿ ಉರುಳಿಸಿ. ಗೋಲಿಯ ಯಾಕೋಬಿ ಸಂಖ್ಯೆಯೇ ಅದು ಏರಬಲ್ಲ ಗರಿಷ್ಠ ಎತ್ತರ. ಆ ಎತ್ತರದ ಗುಂಟ ನೆಲದ ಮೇಲೆ ಒಂದು ಗೆರೆ ಎಳೆಯಿರಿ. ಕೆರೆಯಲ್ಲಿ ನೀರು ನಿಂತ ಮಟ್ಟದ ಗೆರೆ ಇರುತ್ತದಲ್ಲ, ಹಾಗೆ. ಗೋಲಿ ಆ ಗೆರೆ ಮುಟ್ಟಿದರೆ ವೇಗ ಸೊನ್ನೆ. ದಾಟುವ ಪ್ರಶ್ನೆಯೇ ಇಲ್ಲ. ಗಣಿತದವರು ಇದಕ್ಕೆ ಶೂನ್ಯ ವೇಗದ ಗೆರೆ ಎನ್ನುತ್ತಾರೆ. ನಾವು ಬೇಲಿ ಎನ್ನೋಣ.

ನೀರಿನ ಮಟ್ಟ ತಗ್ಗಾಗಿದ್ದರೆ ಎರಡು ಬೇರೆ ಬೇರೆ ಕೆರೆಗಳು. ಭೂಮಿಯ ಹಳ್ಳದಲ್ಲಿರುವುದು ಅಲ್ಲೇ, ಚಂದ್ರನ ಹಳ್ಳದಲ್ಲಿರುವುದು ಅಲ್ಲೇ. ಮಟ್ಟ ಎಲ್1ಕ್ಕಿಂತ ಮೇಲೆ ಬಂದರೆ ಎರಡೂ ಕೆರೆ ಕೂಡಿಕೊಳ್ಳುತ್ತವೆ. ನೌಕೆ ಭೂಮಿಯ ಕಡೆಯಿಂದ ಚಂದ್ರನ ಕಡೆ ಹೋಗಬಹುದು, ಆದರೆ ಹೊರಗೆ ಹೋಗಲಾರದು. ಎಲ್2 ಮುಳುಗಿದರೆ ಕೋಡಿ ಬಿದ್ದ ಹಾಗೆ, ಚಂದ್ರನ ಬೆನ್ನ ಹಿಂದಿನಿಂದ ಹೊರಕ್ಕೆ ದಾರಿ. ಎಲ್3 ಮುಳುಗಿದರೆ ಇನ್ನೊಂದು ಬದಿಯಲ್ಲೂ ದಾರಿ. ಕೊನೆಗೆ ಎಲ್4, ಎಲ್5 ತುದಿಗಳೂ ಮುಳುಗಿದರೆ ಬೇಲಿಯೇ ಇಲ್ಲ.

## ಚಂದ್ರ ಯಾಕೆ ಹೋಗಲ್ಲ

ಬೇಲಿಯ ಈ ಉಪಾಯವನ್ನು ಚಂದ್ರನ ಮೇಲೆ ಬಳಸಿದವನು ಅಮೆರಿಕದ ಜಾರ್ಜ್ ವಿಲಿಯಂ ಹಿಲ್. ನಾವಿಕರಿಗೆ ಬೇಕಾದ ಪಂಚಾಂಗ ತಯಾರಿಸುವ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ. ಸಂಕೋಚದ ಮನುಷ್ಯ. 1870ರ ದಶಕದಲ್ಲಿ ಚಂದ್ರನ ಚಲನೆಯ ಲೆಕ್ಕ ಹಿಡಿದು ಕೂತ. (ಗುಡ್ಡ-ಘಾಟಿಗಳ ಲೆಕ್ಕ ಹಾಕಿದವನ ಹೆಸರೇ ಹಿಲ್ ಆಗಿದ್ದು ಕಾಕತಾಳೀಯ.)

ಇಲ್ಲಿ ಆನೆಗಳು ಸೂರ್ಯ ಮತ್ತು ಭೂಮಿ. ಸೊಳ್ಳೆಯ ಜಾಗದಲ್ಲಿ ಚಂದ್ರ. ಪ್ರಶ್ನೆ ಕುತೂಹಲದ್ದೇ. ಯಾಕೆಂದರೆ ಚಂದ್ರನನ್ನು ಭೂಮಿ ಎಳೆಯುವುದಕ್ಕಿಂತ ಸೂರ್ಯ ಎರಡು ಪಟ್ಟಿಗಿಂತ ಜಾಸ್ತಿ ಬಲದಲ್ಲಿ ಎಳೆಯುತ್ತಾನೆ! ಮೊದಲ ಸಲ ಕೇಳಿದಾಗ ನನಗೂ ನಂಬಿಕೆ ಬಂದಿರಲಿಲ್ಲ. ಲೆಕ್ಕ ಹಾಕಿ ನೋಡಿದರೆ ಸರಿಯೇ ಇದೆ, ಸುಮಾರು 2.2 ಪಟ್ಟು. ಹಾಗಾದರೆ ಚಂದ್ರ ಇನ್ನೂ ನಮ್ಮ ಬಳಿ ಯಾಕಿದ್ದಾನೆ?

ಸೂರ್ಯ ಭೂಮಿಯನ್ನೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಎಳೆಯುತ್ತಿದ್ದಾನೆ. ಒಂದೇ ಬಸ್ಸಿನಲ್ಲಿ ಕೂತ ಇಬ್ಬರನ್ನು ಬಸ್ಸು ಎಷ್ಟೇ ರಭಸದಿಂದ ಒಯ್ದರೂ ಅವರ ನಡುವಿನ ಅಂತರ ಬದಲಾಗುವುದಿಲ್ಲ. ಇಬ್ಬರ ಮೇಲಿನ ಎಳೆತದಲ್ಲಿ ಎಷ್ಟು ವ್ಯತ್ಯಾಸ ಇದೆ ಎಂಬುದಷ್ಟೇ ಮುಖ್ಯ. ಆ ಚಿಕ್ಕ ವ್ಯತ್ಯಾಸದ ಎದುರು ಭೂಮಿಯ ಹಿಡಿತ ಗಟ್ಟಿಯಾಗಿದೆ.

ಎಷ್ಟು ಗಟ್ಟಿ? ಸೂರ್ಯ-ಭೂಮಿಯ ಘಾಟಿಗಳು ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿವೆ. ಎಲ್1 ಸೂರ್ಯನ ಕಡೆ, ಎಲ್2 ಅದರ ವಿರುದ್ಧ ಕಡೆ. ಚಂದ್ರ ಇರುವುದು ಸರಾಸರಿ 3.84 ಲಕ್ಷ ಕಿ.ಮೀ. ದೂರದಲ್ಲಿ. ಚಂದ್ರನ ಯಾಕೋಬಿ ಸಂಖ್ಯೆಯಿಂದ ಬೇಲಿ ಎಳೆದರೆ ಅದು ಭೂಮಿಯ ಸುತ್ತ ಪೂರ್ತಿ ಮುಚ್ಚಿಕೊಳ್ಳುತ್ತದೆ. ಭೂಮಿಯಿಂದ ಅದರ ಅತಿ ದೂರದ ಬಿಂದು ಸುಮಾರು 7 ಲಕ್ಷ ಕಿ.ಮೀ.ನಲ್ಲಿದೆ. ಘಾಟಿ ಇನ್ನೂ ಅಷ್ಟೇ ದೂರ ಉಳಿಯಿತು. ಚಂದ್ರ ಬೇಲಿಯೊಳಗೆ ಏನೇ ಕುಣಿದರೂ ದಾಟಿ ಹೋಗುವಂತಿಲ್ಲ. ಚಂದ್ರನ ದಾರಿಯನ್ನು ಪೂರ್ತಿ ಬಿಡಿಸದೆಯೇ ಹಿಲ್ ಇದನ್ನು ತೋರಿಸಿದ. ಇಂದಿಗೂ ಒಂದು ಗ್ರಹದ ಹಿಡಿತದ ವಲಯಕ್ಕೆ ಹಿಲ್ ಗೋಳ ಎಂದೇ ಹೆಸರು.

## ಬಾಗಿಲು ತೆರೆದ ಮಾತ್ರಕ್ಕೆ ಹೊರಗೆ ಹೋಗಬೇಕೆಂದಿಲ್ಲ

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬರುವ ಸಾಧ್ಯತೆ ಇದೆ. ಬೇಲಿ ಮುಚ್ಚಿದ್ದರೆ ‘ಹೋಗಲಾರದು’ ಎಂಬುದು ಗ್ಯಾರಂಟಿ. ಬೇಲಿ ತೆರೆದಿದ್ದರೆ ‘ಹೋಗುತ್ತದೆ’ ಎಂಬುದಕ್ಕೆ ಯಾವ ಗ್ಯಾರಂಟಿಯೂ ಇಲ್ಲ. ಕೊಟ್ಟಿಗೆಯ ಬಾಗಿಲು ತೆಗೆದಿಟ್ಟರೂ ಕೆಲವು ದನ ಒಳಗೇ ಮೆಲುಕು ಹಾಕುತ್ತಾ ಇರುತ್ತವೆ.

ಗುರುಗ್ರಹಕ್ಕೆ ಪಾಸಿಫೇ ಎಂಬ ಉಪಗ್ರಹವಿದೆ. 1908ರಲ್ಲಿ ಕಂಡದ್ದು. ಗುರುವಿನಿಂದ ಸುಮಾರು 2.3 ಕೋಟಿ ಕಿ.ಮೀ. ದೂರದಲ್ಲಿ, ಗುರು ತಿರುಗುವ ದಿಕ್ಕಿಗೆ ವಿರುದ್ಧವಾಗಿ ಸುತ್ತುತ್ತದೆ. ಅದರ ಯಾಕೋಬಿ ಲೆಕ್ಕ ಹಾಕಿದರೆ ಘಾಟಿಗಳು ತೆರೆದೇ ಇವೆ. ಆದರೂ ಅದು ಹೋಗಿಲ್ಲ. ಕಾರಣ, ನಾನು ಆವರಣದೊಳಗೆ ಹೇಳಿ ಮುಂದೆ ಹೋದ ಆ ಪಕ್ಕಕ್ಕೆ ತಿರುಗಿಸುವ ಬಲ. ಹಿಮ್ಮುಖವಾಗಿ ಸುತ್ತುವ ವಸ್ತುವನ್ನು ಅದು ಗ್ರಹದ ಕಡೆಗೇ ತಿರುಗಿಸುತ್ತಿರುತ್ತದೆ. ಬೇಲಿಯ ಲೆಕ್ಕದಲ್ಲಿ ಈ ಬಲ ಕಾಣಿಸುವುದೇ ಇಲ್ಲ. ಅದು ವೇಗ ಕೂಡಿಸುವುದೂ ಇಲ್ಲ, ಕಳೆಯುವುದೂ ಇಲ್ಲವಲ್ಲ.

ಇದೇ ಬಲ ಎಲ್4, ಎಲ್5ರಲ್ಲಿ ಇನ್ನೂ ದೊಡ್ಡ ಚಮತ್ಕಾರ ಮಾಡುತ್ತದೆ. ಅವು ಗುಡ್ಡದ ತುದಿಗಳು. ತುದಿಯಲ್ಲಿಟ್ಟ ಗೋಲಿ ಉರುಳಿ ಹೋಗಬೇಕು. ಆದರೆ ಉರುಳಲು ಶುರುವಾದ ಕೂಡಲೇ ಈ ಬಲ ಅದನ್ನು ಪಕ್ಕಕ್ಕೆ ತಿರುಗಿಸಿ ತುದಿಯ ಸುತ್ತಲೇ ಸುತ್ತಿಸುತ್ತದೆ. ದೊಡ್ಡ ಕಾಯ ಚಿಕ್ಕದಕ್ಕಿಂತ ಸುಮಾರು 25 ಪಟ್ಟು ಅಥವಾ ಜಾಸ್ತಿ ಭಾರವಿದ್ದರೆ ಸಾಕು. ಸೂರ್ಯ ಗುರುವಿಗಿಂತ ಸಾವಿರ ಪಟ್ಟಿಗೂ ಮಿಕ್ಕಿ ಭಾರ. ಹಾಗಾಗಿ ಗುರುವಿನ ಹಿಂದೆ ಮುಂದೆ ಸಾವಿರಾರು ಕ್ಷುದ್ರಗ್ರಹಗಳು ಬೀಡುಬಿಟ್ಟಿವೆ. ಮೊದಲನೆಯದನ್ನು ಮ್ಯಾಕ್ಸ್ ವುಲ್ಫ್ 1906ರಲ್ಲಿ ಕಂಡ.

## ಬಂದ ಬಾಗಿಲು ತೆರೆದೇ ಇರುತ್ತದೆ

ಬೇಲಿಯ ಲೆಕ್ಕದಿಂದ ಹೊರಡುವ ಇನ್ನೊಂದು ಮಾತು ನನಗೆ ತುಂಬ ಇಷ್ಟ. ಹೊರಗಿನಿಂದ ಒಂದು ಕಲ್ಲು ಬಂದು ಭೂಮಿಯ ವಲಯದೊಳಗೆ ನುಗ್ಗಿತು ಎನ್ನಿ. ನುಗ್ಗಬೇಕಾದರೆ ಅದರ ಘಾಟಿ ತೆರೆದಿರಬೇಕು. ಘಾಟಿ ತೆರೆದಿರುವುದು ಮುಚ್ಚಿರುವುದು ಯಾಕೋಬಿ ಸಂಖ್ಯೆಯಿಂದ. ಒಳಗೆ ಬಂದ ಮೇಲೂ ಅದೇ ಸಂಖ್ಯೆ. ಅಂದರೆ ಒಳಗೆ ಬಂದದ್ದಕ್ಕೆ ಹೊರಗೆ ಹೋಗುವ ದಾರಿ ಯಾವತ್ತೂ ತೆರೆದೇ ಇರುತ್ತದೆ.

2024ರ ಸೆಪ್ಟೆಂಬರ್‌ನಲ್ಲಿ ‘ಭೂಮಿಗೆ ಎರಡನೇ ಚಂದ್ರ’ ಎಂದು ಸುದ್ದಿಯಾಗಿತ್ತಲ್ಲ, ಅದು 2024 ಪಿಟಿ5 ಎಂಬ ಸುಮಾರು 10 ಮೀಟರ್ ಕಲ್ಲು. ಅರ್ಜುನ ಎಂದು ಹೆಸರಿಟ್ಟ ಕ್ಷುದ್ರಗ್ರಹಗಳ ಗುಂಪಿಗೆ ಸೇರಿದ್ದು. ಹೌದು, ನಮ್ಮ ಮಹಾಭಾರತದ ಅರ್ಜುನನೇ. ಸೆಪ್ಟೆಂಬರ್ 29ಕ್ಕೆ ಬಂದು ನವೆಂಬರ್ 25ಕ್ಕೆ ಹೊರಟಿತು. ಭೂಮಿ ಅದನ್ನು ಹಿಡಿದಿಟ್ಟುಕೊಳ್ಳುವ ಸಾಧ್ಯತೆ ಮೊದಲಿನಿಂದಲೂ ಇರಲಿಲ್ಲ.

ಇದಕ್ಕಿಂತ ಮಜವಾದದ್ದು 2002ರ ಪ್ರಸಂಗ. ಭೂಮಿಯ ಸುತ್ತ ಹೊಸದೊಂದು ವಸ್ತು ಕಂಡಿತು. ಜೆ002ಇ3 ಎಂದು ಹೆಸರಿಟ್ಟರು. ಕಲ್ಲು ಎಂದುಕೊಂಡು ಅದರ ಬೆಳಕನ್ನು ಪರೀಕ್ಷಿಸಿದರೆ ಬಿಳಿ ಪೇಂಟ್ ಸಿಕ್ಕಿತು! ದಾರಿಯನ್ನು ಹಿಂದಕ್ಕೆ ಲೆಕ್ಕ ಹಾಕಿದಾಗ, 1969ರ ನವೆಂಬರ್‌ನಲ್ಲಿ ಹಾರಿದ ಅಪೊಲೊ 12ರ ರಾಕೆಟ್ಟಿನ ಮೂರನೇ ಹಂತ ಅದು ಎಂದು ತಿಳಿಯಿತು. 1971ರಲ್ಲಿ ಭೂಮಿಯನ್ನು ಬಿಟ್ಟು ಸೂರ್ಯನ ಸುತ್ತ ಹೋಗಿತ್ತು. 31 ವರ್ಷದ ಮೇಲೆ ಸೂರ್ಯ-ಭೂಮಿಯ ಎಲ್1ರ ಹತ್ತಿರದಿಂದಲೇ ಒಳಗೆ ಬಂತು. 2003ರಲ್ಲಿ ಮತ್ತೆ ಹೊರಟುಹೋಯಿತು.

ಹಾಗಾದರೆ ಚಂದ್ರನ ಸುತ್ತ ಒಂದು ನೌಕೆಯನ್ನು ನಿಲ್ಲಿಸುವುದು ಹೇಗೆ? ಒಳಗೆ ಹೋದ ಮೇಲೆ ಬಾಗಿಲು ಹಾಕಿಕೊಳ್ಳಬೇಕು. 2023ರ ಆಗಸ್ಟ್ 5ರಂದು ಚಂದ್ರಯಾನ-3 ಚಂದ್ರನ ಬಳಿ ಎಂಜಿನ್ ಉರಿಸಿ ವೇಗ ತಗ್ಗಿಸಿತು. ಅದು ಬಾಗಿಲು ಹಾಕುವ ಕೆಲಸ. ವೇಗ ತಗ್ಗಿದರೆ ಮಟ್ಟ ಇಳಿಯುತ್ತದೆ, ಭೂಮಿ-ಚಂದ್ರರ ಎಲ್1 ಮತ್ತು ಎಲ್2 ನೀರಿನಿಂದ ಮೇಲೆ ಬರುತ್ತವೆ, ನೌಕೆ ಚಂದ್ರನ ಕೆರೆಯಲ್ಲಿ ಉಳಿಯುತ್ತದೆ. ಅದೇ ಅಕ್ಟೋಬರ್‌ನಲ್ಲಿ ಪ್ರೊಪಲ್ಷನ್ ಮಾಡ್ಯೂಲ್ ಮತ್ತೆ ಎಂಜಿನ್ ಉರಿಸಿ ಆ ಬಾಗಿಲು ತೆರೆದುಕೊಂಡು ಹೊರಬಂತು.

## ಘಾಟಿಯ ನೆತ್ತಿಯಲ್ಲೇ ಕೂತವರು

ನಮ್ಮ ಆದಿತ್ಯ-ಎಲ್1 ಹೆಸರಿನಲ್ಲೇ ಘಾಟಿ ಇದೆ. ಸೂರ್ಯ-ಭೂಮಿಯ ಎಲ್1 ಅದು. 2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟು 2024ರ ಜನವರಿ 6ರಂದು ಅಲ್ಲಿಗೆ ಸೇರಿತು. ಅದರ ಮುಖ್ಯ ದೂರದರ್ಶಕವನ್ನು ತಯಾರಿಸಿದ್ದು ಬೆಂಗಳೂರಿನ ಭಾರತೀಯ ತಾರಾಭೌತ ಸಂಸ್ಥೆ, ಹೊಸಕೋಟೆಯ ತನ್ನ ಕ್ಯಾಂಪಸ್‌ನಲ್ಲಿ.

ಘಾಟಿಯ ನೆತ್ತಿಯಲ್ಲಿ ಸೈಕಲ್ ನಿಲ್ಲಿಸಿದ ಹಾಗೆ ಅದರ ಸ್ಥಿತಿ. ಎಡಬಲದಲ್ಲಿ ಗುಡ್ಡ, ಹಿಂದೆ ಮುಂದೆ ಇಳಿಜಾರು. ಸ್ವಲ್ಪ ಜಾರಿದರೆ ಒಂದೋ ಭೂಮಿಯ ಕಡೆ, ಇಲ್ಲವೋ ಸೂರ್ಯನ ಕಡೆ. ಅದು ಬಿಂದುವಿನ ಮೇಲೆ ನಿಲ್ಲದೆ ಅದರ ಸುತ್ತ ಸುಮಾರು 178 ದಿನಕ್ಕೊಂದು ದೊಡ್ಡ ಸುತ್ತು ಹಾಕುತ್ತದೆ. ಜಾರಿಹೋಗದ ಹಾಗೆ ಆಗಾಗ ಚೂರು ಇಂಧನ ಉರಿಸಿ ದಾರಿ ಸರಿಮಾಡಿಕೊಳ್ಳುತ್ತದೆ.

ಆಚೆಯ ಘಾಟಿ ಎಲ್2ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಇದೆ. ಅದರದು ಇನ್ನೊಂದು ಪೇಚು. ಸೂರ್ಯನ ಬಿಸಿಲು ತಾಗದ ಹಾಗೆ ಒಂದು ದೊಡ್ಡ ಕೊಡೆ ಹಿಡಿದು ಕೂತಿರುವುದರಿಂದ ಅದು ಹಿಂದಕ್ಕೆ ತಿರುಗುವಂತಿಲ್ಲ. ಎಂಜಿನ್ನುಗಳು ಅದನ್ನು ಸೂರ್ಯನಿಂದ ದೂರಕ್ಕೆ ಮಾತ್ರ ತಳ್ಳಬಲ್ಲವು. ಒಮ್ಮೆ ಘಾಟಿಯ ಆಚೆ ಜಾರಿದರೆ ವಾಪಸ್ ಎಳೆಯಲು ಬ್ರೇಕ್ ಇಲ್ಲ. ಹಾಗಾಗಿ ಅದನ್ನು ಯಾವಾಗಲೂ ಏರಿನ ಈಚೆಯೇ ಇಟ್ಟುಕೊಂಡು, ಕೆಳಗೆ ಜಾರಿದಾಗಲೆಲ್ಲ ಮೇಲಕ್ಕೆ ಸ್ವಲ್ಪ ಸ್ವಲ್ಪ ತಳ್ಳುತ್ತಾರೆ. ಪೂರ್ತಿ ತಳ್ಳುವುದಿಲ್ಲ.

## ಬೇಲಿ ಎಲ್ಲಿ ಸಡಿಲ

ಇಷ್ಟೆಲ್ಲ ಹೇಳಿದ್ದು ಷರತ್ತು ಹಾಕಿದ ಸಮಸ್ಯೆಗೆ. ನಿಜವಾದ ಆಕಾಶ ಆ ಷರತ್ತುಗಳನ್ನು ಪೂರ್ತಿ ಪಾಲಿಸುವುದಿಲ್ಲ. ಚಂದ್ರನ ದಾರಿ ಸರಿಯಾದ ವೃತ್ತವಲ್ಲ, ಅವನು ಹತ್ತಿರ ಬರುತ್ತಾನೆ, ದೂರ ಹೋಗುತ್ತಾನೆ. ಭೂಮಿ-ಚಂದ್ರರ ಲೆಕ್ಕದಲ್ಲಿ ಸೂರ್ಯನನ್ನು ಬಿಟ್ಟಿದ್ದೇವೆ. ಹಾಗಾಗಿ ಯಾಕೋಬಿ ಸಂಖ್ಯೆ ನಿಜದಲ್ಲಿ ನಿಧಾನವಾಗಿ ಅತ್ತಿತ್ತ ಸರಿಯುತ್ತದೆ. ಬೇಲಿಯ ಗೂಟಗಳು ಮೆಲ್ಲಗೆ ಅಲುಗುತ್ತವೆ.

ಈ ಸಡಿಲವನ್ನೇ ಲಾಭಕ್ಕೆ ಬಳಸಿಕೊಂಡವರಿದ್ದಾರೆ. 1991ರಲ್ಲಿ ಜಪಾನಿನ ಹಿಟೆನ್ ನೌಕೆಯ ಬಳಿ ಚಂದ್ರನ ಸುತ್ತ ನಿಲ್ಲುವಷ್ಟು ಇಂಧನ ಇರಲಿಲ್ಲ. ಎಡ್ವರ್ಡ್ ಬೆಲ್‌ಬ್ರೂನೊ ಎಂಬ ಗಣಿತಜ್ಞ ಬೇರೆ ದಾರಿ ತೋರಿಸಿದ. ನೌಕೆಯನ್ನು ಭೂಮಿಯಿಂದ ಬಹಳ ದೂರ ಕಳಿಸಿ, ಸೂರ್ಯನ ಎಳೆತದಿಂದ ಅದರ ಸಂಖ್ಯೆಯನ್ನು ಬದಲಿಸಿ, ಚಂದ್ರನ ಘಾಟಿಗೆ ಮೆಲ್ಲಗೆ ಬರುವ ಹಾಗೆ ಮಾಡಿದರು. ತಿಂಗಳುಗಟ್ಟಲೆ ಹಿಡಿಯಿತು, ಇಂಧನ ಉಳಿಯಿತು. 2022ರಲ್ಲಿ ದಕ್ಷಿಣ ಕೊರಿಯಾದ ದನೂರಿ ನೌಕೆ ಇಂಥದ್ದೇ ಸುತ್ತುದಾರಿಯಲ್ಲಿ ಆಗಸ್ಟ್‌ನಲ್ಲಿ ಹೊರಟು ಡಿಸೆಂಬರ್‌ನಲ್ಲಿ ಚಂದ್ರನನ್ನು ಸೇರಿತು.

ಇನ್ನೊಂದು ಮಿತಿಯೂ ಇದೆ. ಬೇಲಿ ಹೊರಗೆ ಹೋಗುವುದನ್ನು ತಡೆಯುತ್ತದೆ, ಒಳಗೆ ಬೀಳುವುದನ್ನಲ್ಲ. ಭೂಮಿಯ ಕೆರೆಯಲ್ಲಿರುವ ವಸ್ತು ಭೂಮಿಗೇ ಬಂದು ಬಡಿದರೆ ಯಾಕೋಬಿಯ ತಕರಾರು ಇಲ್ಲ.

ಈಗ ಪ್ರೊಪಲ್ಷನ್ ಮಾಡ್ಯೂಲಿಗೆ ವಾಪಸ್ ಬರೋಣ. ಇಸ್ರೋ ಕೊಟ್ಟ 1 ಲಕ್ಷ-3 ಲಕ್ಷ ಕಿ.ಮೀ. ಅಂಕಿ ಇಟ್ಟುಕೊಂಡು ನಾನು ಒರಟಾಗಿ ಲೆಕ್ಕ ಹಾಕಿ ನೋಡಿದೆ. ಭೂಮಿ-ಚಂದ್ರರ ಎಲ್1, ಎಲ್2 ಎರಡೂ ಘಾಟಿ ಅದಕ್ಕೆ ತೆರೆದೇ ಇದ್ದವು. ಅದರ ಅತಿ ದೂರದ ಬಿಂದು 3 ಲಕ್ಷ ಕಿ.ಮೀ., ಎಲ್1 ಇರುವುದು 3.26 ಲಕ್ಷ ಕಿ.ಮೀ. ದೂರದಲ್ಲಿ. ಘಾಟಿಯ ಬುಡದಲ್ಲೇ ಓಡಾಡುತ್ತಿತ್ತು ಎನ್ನಬಹುದು. ಯಾವ ದಿನ ಒಳಗೆ ಹೋಗುತ್ತದೆ ಎಂದು ಬೇಲಿ ಹೇಳಲಾರದು. ಅದಕ್ಕೆ ಕಂಪ್ಯೂಟರಿನಲ್ಲಿ ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕಬೇಕು, ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿರುವ ಇಸ್ರೋದ ದೊಡ್ಡ ಆಂಟೆನಾಗಳಿಂದ ಗಮನಿಸುತ್ತಿರಬೇಕು. ನವೆಂಬರ್ 6ರ ಭೇಟಿ ಆ ಆಂಟೆನಾಗಳ ಕಣ್ಣಿಗೆ ಬೀಳಲಿಲ್ಲ, 11ರದು ಬಿತ್ತು.

ಹೊರಬಂದ ಮೇಲಿನ 4.09 ಲಕ್ಷ-7.27 ಲಕ್ಷ ಕಿ.ಮೀ. ದಾರಿಗೂ ಅದೇ ಒರಟು ಲೆಕ್ಕ ಹಾಕಿದೆ. ಚಂದ್ರನ ಕಡೆಯ ಘಾಟಿಗಳು ಈಗಲೂ ತೆರೆದಿವೆ, ಅಂದರೆ ಅದು ಮತ್ತೆ ಒಳಗೆ ಬರಬಹುದು. 15 ಲಕ್ಷ ಕಿ.ಮೀ. ಆಚೆಯ ಸೂರ್ಯ-ಭೂಮಿ ಘಾಟಿಗಳು ಮಾತ್ರ ಆ ದಾರಿಯಲ್ಲಿರುವ ತನಕ ಮುಚ್ಚಿವೆ. ಅವು ತೆರೆಯಬೇಕಾದರೆ ಚಂದ್ರ ಇನ್ನೊಮ್ಮೆ ಹತ್ತಿರ ಕರೆದು ಜೋರಾಗಿ ತಳ್ಳಬೇಕು.